ಸುರಂಗದ ನೀರು, ತೋಟದ ಮನೆಯ ವಾಸ್ತವ್ಯ: ಎಣ್ಮಕಜೆಯ ಒಂದು ಹೋಂಸ್ಟೇ

ಕಾಸರಗೋಡಿಗೆ ಪ್ರವಾಸ ಹೋಗುವುದೆಂದರೆ ಬೇಕಲ ಕೋಟೆ ನೋಡಿ, ಅನಂತಪುರದ ಸರೋವರ ದೇವಾಲಯದಲ್ಲಿ ಕೈಮುಗಿದು, ಸಂಜೆಯ ರೈಲು ಹಿಡಿಯುವುದು ಎಂಬ ರೂಢಿ ಬಹುಕಾಲದಿಂದ ಇದೆ. ಬೇಕಲವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿದ ಮೇಲೆ ಕರಾವಳಿಯಲ್ಲಿ ದೊಡ್ಡ ಹೋಟೆಲುಗಳು ಎದ್ದವು. ಅಲ್ಲಿಗೆ ಬರುವವರ ಹಣ ಬದಿಯಡ್ಕ, ಪೆರ್ಲದಂತಹ ಒಳನಾಡಿನ ಊರುಗಳಿಗೆ ತಲುಪಿದ್ದು ಮಾತ್ರ ತೀರಾ ಕಡಿಮೆ. ಅದಕ್ಕಾಗಿಯೇ ಎಣ್ಮಕಜೆ ಪಂಚಾಯತಿನ ಅಡಿಕೆ ತೋಟವೊಂದರಲ್ಲಿ ಕೃಷಿಕ ಕುಟುಂಬವೊಂದು ನಡೆಸುತ್ತಿರುವ ಹೋಂಸ್ಟೇಯ ಬಗ್ಗೆ ವಿವರವಾಗಿ ಬರೆಯಬೇಕೆನಿಸಿತು. ಮನೆಯವರಿಗೆ ಪ್ರಚಾರ ಬೇಡವಾದ್ದರಿಂದ ಹೆಸರು ಬರೆಯುತ್ತಿಲ್ಲ.

ಇಲ್ಲಿನ ಮುಖ್ಯ ಆಕರ್ಷಣೆ ಸುರಂಗ. ಗುಡ್ಡದ ಬದಿಯಲ್ಲಿ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಅಡ್ಡಕ್ಕೆ ಕೊರೆದು, ನೀರಿನ ಒರತೆ ಸಿಗುವವರೆಗೆ ಒಳಗೆ ಸಾಗುವ ಈ ಕಾಲುವೆಗಳು ಮಂಜೇಶ್ವರ, ಕಾಸರಗೋಡು ತಾಲೂಕುಗಳ ಗುಡ್ಡಗಾಡಿನ ಜೀವನಾಡಿ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಎರಡು ಅಡಿಯ ಆಸುಪಾಸಿನ ಅಗಲ. ಉದ್ದ ಮಾತ್ರ ಕೆಲವು ಕಡೆ 300 ಮೀಟರಿನವರೆಗೂ ಇದೆ. ನೆಲವನ್ನು ಹೊರಗಡೆಗೆ ತುಸು ಇಳಿಜಾರಾಗಿ ಇಡುವುದರಿಂದ ಪಂಪು, ಕರೆಂಟು ಯಾವುದರ ಹಂಗೂ ಇಲ್ಲದೆ ನೀರು ತಾನಾಗಿ ಹರಿದು ಬಂದು ಮುಂದಿನ ಮಣ್ಣಿನ ಟ್ಯಾಂಕಿಯಲ್ಲಿ ನಿಲ್ಲುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿದರೂ ಅದರ ಬಹುಪಾಲು ಕೆಲವೇ ತಿಂಗಳಲ್ಲಿ ಗಿಡ್ಡ ನದಿಗಳ ಮೂಲಕ ಸಮುದ್ರ ಸೇರಿಬಿಡುವ ಈ ಜಿಲ್ಲೆಯಲ್ಲಿ, ಗುಡ್ಡದ ಹೊಟ್ಟೆಯಲ್ಲಿ ಇಂಗಿದ ನೀರನ್ನು ಬೇಸಗೆಗೆ ಪಡೆಯುವ ಉಪಾಯ ಇದು.

ನಮ್ಮನ್ನು ಒಳಗೆ ಕರೆದೊಯ್ದವರು ಸುರಂಗ ಕೊರೆಯುವುದನ್ನೇ ಕಸುಬಾಗಿ ಮಾಡಿಕೊಂಡು ಬಂದ ಹಿರಿಯರು. ಪಿಕ್ಕಾಸಿನ ಏಟು ಗೋಡೆಯಲ್ಲಿ ಮೂಡಿಸಿದ ಗೀರುಗಳನ್ನು ಅವರು ಬೆರಳಿಟ್ಟು ತೋರಿಸಿದರು: ಒಂದೇ ಓರೆಯಲ್ಲಿ, ಸಾಲು ತಪ್ಪದೆ, ಒಳಗಿನವರೆಗೂ. ಗೀರಿನ ಓರೆ ನೋಡಿ ಕೊರೆದವನು ಬಲಗೈಯವನೋ ಎಡಗೈಯವನೋ ಎಂದು ಹೇಳಬಹುದಂತೆ. ಉದ್ದವನ್ನು ಅವರು ಈಗಲೂ ಕೋಲು ಎಂಬ ಹಳೆಯ ಅಳತೆಯ ಲೆಕ್ಕದಲ್ಲಿಯೇ ಹೇಳುತ್ತಾರೆ. ಕೊರೆಯುವಾಗ ಗಾಳಿ ಸಾಕಷ್ಟಿದೆಯೇ ಎಂದು ತಿಳಿಯಲು ಪಕ್ಕದಲ್ಲಿ ದೀಪ ಉರಿಸಿಡುತ್ತಿದ್ದರು. “ದೀಪ ನಂದಿದರೆ ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರುವುದು. ಮತ್ತೆ ಲೆಕ್ಕಾಚಾರ ಇಲ್ಲ ಅಣ್ಣ,” ಎಂದರು. ಪಾದ ಮುಳುಗುವಷ್ಟು ತಣ್ಣೀರಿನಲ್ಲಿ ನಿಂತು ಆ ಮಾತು ಕೇಳುವಾಗ ಈ ವಿದ್ಯೆಯ ಬೆಲೆ ಮನಸ್ಸಿಗೆ ನಾಟುತ್ತದೆ. ಕೊಳವೆಬಾವಿ ಬಂದ ಮೇಲೆ ಹೊಸ ಸುರಂಗ ಕೊರೆಸುವವರು ವಿರಳರಾದರು. ಕೊರೆಯುವವರ ಮಕ್ಕಳು ಬೇರೆ ಕೆಲಸ ಹಿಡಿದರು. ಹಳೆಯ ಸುರಂಗದೊಳಗೆ ಕುಸಿದ ಮಣ್ಣನ್ನು ತೆಗೆಯದಿದ್ದರೆ ಹರಿವು ಕಟ್ಟಿಹೋಗುತ್ತದೆ. ತೆಗೆಯಲು ಬಲ್ಲವರೇ ಇಲ್ಲವಾದರೆ ಸುರಂಗವೂ ಇಲ್ಲ.

ಈ ಹೋಂಸ್ಟೇ ನನಗೆ ಇಷ್ಟವಾದದ್ದು ಮುಖ್ಯವಾಗಿ ಇಲ್ಲಿಯೇ. ಸುರಂಗ ನೋಡಲು ತಲಾ 300 ರೂಪಾಯಿ ಪ್ರತ್ಯೇಕವಾಗಿ ಕೊಡಬೇಕು; ಅದನ್ನು ಮನೆಯವರು ಮುಟ್ಟುವುದಿಲ್ಲ. ಅರ್ಧ ಆ ಹಿರಿಯರ ಕೈಗೆ ಹೋಗುತ್ತದೆ, ಇನ್ನರ್ಧ ನೆರೆಕರೆಯ ಸುರಂಗಗಳ ಹೂಳು ತೆಗೆಸಲು ಮೀಸಲು. ಲೆಕ್ಕದ ಪುಸ್ತಕ ಜಗಲಿಯ ಮೇಲೆಯೇ ಇದೆ, ಯಾರು ಬೇಕಾದರೂ ತೆರೆದು ನೋಡಬಹುದು. ನಾವು ನೋಡಿದ ಸುರಂಗದ ನೀರನ್ನೇ ಆ ಮನೆಯವರು ಕುಡಿಯುತ್ತಾರೆ, ತೋಟಕ್ಕೂ ಅದೇ ನೀರು. ಪರಂಪರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಟಿಕೆಟು ಹರಿಯುವ ಪ್ರವಾಸೋದ್ಯಮಕ್ಕೂ, ಪರಂಪರೆಯು ದಿನದ ಕೆಲಸ ಮಾಡುತ್ತಲೇ ಇರುವಂತೆ ನೋಡಿಕೊಳ್ಳುವ ಪ್ರವಾಸೋದ್ಯಮಕ್ಕೂ ಇರುವ ವ್ಯತ್ಯಾಸ ಇದು. ಜವಾಬ್ದಾರಿಯುತ ಪ್ರವಾಸೋದ್ಯಮ ಎಂದು ಕೇರಳವು 2008ರಲ್ಲಿ ಕುಮರಕಂನಲ್ಲಿ ಆರಂಭಿಸಿದ ಪ್ರಯೋಗದ ತಿರುಳೂ ಸ್ಥಳೀಯರ ಕೈಗೆ ಹಣ ಸೇರಬೇಕೆಂಬುದೇ ಆಗಿತ್ತು. ಗಡಿಯ ಈ ಊರಿನಲ್ಲಿ ಒಂದು ಕುಟುಂಬ ತನ್ನ ಅಳವಿಗೆ ತಕ್ಕಂತೆ ಅದನ್ನು ಮಾಡಿ ತೋರಿಸುತ್ತಿದೆ.

ಎಣ್ಮಕಜೆಯನ್ನು ಹೊರಗಿನ ಜಗತ್ತು ಹೆಚ್ಚಾಗಿ ಬಲ್ಲದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತದಿಂದ. ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಮೀರಿ, 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಆ ವಿಷದ ಫಲವನ್ನು ಇಲ್ಲಿನ ಮನೆಗಳು ಇನ್ನೂ ಉಣ್ಣುತ್ತಿವೆ. ದೇಶಾದ್ಯಂತ ನಿಷೇಧ ಬರಲು 2011ರ ಸುಪ್ರೀಂ ಕೋರ್ಟ್ ಆದೇಶದವರೆಗೆ ಕಾಯಬೇಕಾಯಿತು. ಕೇಳಿದರೆ ಮನೆಯ ಯಜಮಾನರು ಯಾವುದನ್ನೂ ಮುಚ್ಚಿಡದೆ ಹೇಳುತ್ತಾರೆ, ಆದರೆ ಸಂತ್ರಸ್ತರ ಮನೆಗೆ ಯಾರನ್ನೂ ಕರೆದೊಯ್ಯುವುದಿಲ್ಲ. ಹಾಗೆಯೇ ದೈವದ ಕೋಲವನ್ನು ಅತಿಥಿಗಳಿಗಾಗಿ ಕಟ್ಟಿಸುವುದೂ ಇಲ್ಲ. ಊರಿನಲ್ಲಿ ಕೋಲ ಇರುವ ದಿನ ಬಂದರೆ ಎಲ್ಲರಂತೆ ನಿಂತು ನೋಡಬಹುದು, ಫೋಟೋ ತೆಗೆಯಬಾರದು. ಎರಡೂ ನಿಯಮಗಳನ್ನು ನಾನು ಮನಸಾರೆ ಒಪ್ಪುತ್ತೇನೆ.

ಊಟ ಚೆನ್ನಾಗಿದೆ. ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಬಾಳೆಲೆಯಲ್ಲಿ ತಂಬುಳಿಯಿಂದ ಶುರುವಾಗುವ ಊಟ, ಬಿಸಿಲಿನಿಂದ ಬಂದವರಿಗೆ ಪುನರ್ಪುಳಿ ಶರಬತ್ತು. ಹಲಸಿನ ಹಪ್ಪಳ ಮತ್ತು ಮಾಂಬಳವನ್ನು ನೆರೆಮನೆಯ ಹೆಂಗಸರು ಮಾಡಿ ಕೊಡುತ್ತಾರೆ, ಬೆಲೆಯನ್ನೂ ಅವರೇ ನಿಗದಿ ಮಾಡುತ್ತಾರೆ.

ಸಂಜೆಯ ತಾಳಮದ್ದಳೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಮಾತ್ರ ನನಗೆ ತೃಪ್ತಿ ಕೊಡಲಿಲ್ಲ. ಕಲಾವಿದರ ಕೊರತೆಯಲ್ಲ ಅದು. ಭಾಗವತರ ಕಂಠ ಸೊಗಸಾಗಿತ್ತು, ಪಾತ್ರವಾಗಿ ಮಾತನಾಡುವ ಅರ್ಥಧಾರಿಗಳೂ ಬಲ್ಲವರು. ಆದರೆ ಅತಿಥಿಗಳಿಗೆ ಬೇಸರವಾದೀತೆಂದು ಪ್ರಸಂಗವನ್ನು ಮುಕ್ಕಾಲು ಗಂಟೆಗೆ ಮೊಟಕುಗೊಳಿಸಿದ್ದರಿಂದ ವಾದ ಕಾವೇರುವ ಹೊತ್ತಿಗೆ ಮಂಗಳ ಹಾಡಿದರು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ, ರಾತ್ರಿಯಿಡೀ ಅರ್ಥ ಕೇಳುವ ಜನರ ನಡುವೆ, ಇಷ್ಟು ಅಂಜಿಕೆ ಬೇಕಾಗಿಲ್ಲ. ಕೋಲದ ವಿಷಯದಲ್ಲಿ ತೋರಿದ ವಿವೇಕವನ್ನೇ ಇಲ್ಲಿಯೂ ತೋರಿ, ಊರಿನಲ್ಲಿ ನಿಜವಾಗಿ ಕೂಟ ನಡೆಯುವ ದಿನಗಳನ್ನು ಮುಂಚಿತವಾಗಿ ತಿಳಿಸಿ ಅಲ್ಲಿಗೇ ಕರೆದೊಯ್ಯುವುದು ಮೇಲು. ಕಲಾವಿದರ ಸಂಭಾವನೆಗೂ ಅದರಿಂದ ಕುಂದಾಗದಂತೆ ಏರ್ಪಾಡು ಮಾಡಬಹುದು.

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ. ತೋಟದ ದಾರಿಯಲ್ಲಿ ಸುರಂಗ, ಮದಕ (ಮಳೆನೀರು ತಡೆದು ನಿಲ್ಲಿಸುವ ಕೆರೆ), ಕಟ್ಟ (ತೋಡಿಗೆ ಹಾಕುವ ತಡೆ) ಇವುಗಳ ವಿವರಣೆಯ ಫಲಕಗಳು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇವೆ. ಮನೆಯೊಳಗೆ ಹವ್ಯಕ ಕನ್ನಡ, ಕೆಲಸದವರೊಂದಿಗೆ ತುಳು; ಫಲಕದಲ್ಲಿ ಕನ್ನಡಕ್ಕೆ ಮಾತ್ರ ಜಾಗವಿಲ್ಲ. ಗಡಿನಾಡಿನಲ್ಲಿ ಕನ್ನಡ ಶಾಲೆ, ಕನ್ನಡ ನಾಮಫಲಕಗಳಿಗಾಗಿ ಇಷ್ಟು ವರ್ಷ ಹೋರಾಡುತ್ತಿರುವ ನಾವು ನಮ್ಮದೇ ಅಂಗಳದಲ್ಲಿ ಅದನ್ನು ಮರೆಯಬಾರದು. ಹೇಳಿದಾಗ ಯಜಮಾನರು ತಕ್ಷಣ ಒಪ್ಪಿದರು. ಬರೆಸುತ್ತಾರೆಂಬ ನಂಬಿಕೆ ನನಗಿದೆ.

ವಾಸ್ತವ್ಯಕ್ಕೆ ಊಟ-ತಿಂಡಿ ಸೇರಿ ಒಬ್ಬರಿಗೆ ದಿನಕ್ಕೆ 2,000 ರೂಪಾಯಿ; ಸಿಗುವುದಕ್ಕೆ ಹೋಲಿಸಿದರೆ ದುಬಾರಿಯಲ್ಲ. ಕೋಣೆಗಳು ಸಾದಾ, ಸ್ವಚ್ಛ. ಮಂಡಿನೋವು ಅಥವಾ ಉಸಿರಾಟದ ತೊಂದರೆ ಇರುವವರು ಸುರಂಗದೊಳಗೆ ಹೋಗುವುದು ಬೇಡ, ಬಾಯಿಯ ಬಳಿ ನಿಂತರೂ ಕೆಲಸದ ಕ್ರಮ ಅರ್ಥವಾಗುತ್ತದೆ. ಅತಿಥಿಗಳು ಬುಕಿಂಗ್ ಮಾಡುವಾಗಲೇ ಮನೆಯವರು ಇದನ್ನು ಅವರಿಗೆ ತಿಳಿಸಬೇಕು. ಮಳೆಗಾಲದಲ್ಲಿ ಮಣ್ಣು ಕುಸಿಯುವ ಭಯವಿರುವುದರಿಂದ ಯಾರನ್ನೂ ಒಳಗೆ ಬಿಡುವುದಿಲ್ಲ. ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಪೆರ್ಲದವರೆಗೆ ಬಸ್ಸಿದೆ, ಮುಂದಕ್ಕೆ ಜೀಪು ಅಥವಾ ರಿಕ್ಷಾ. ಮಳೆ ಹಿಂದೆ ಸರಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟುವ ದಿನಗಳು ಬರುತ್ತವೆ. ಫೋನಿನಲ್ಲಿ ವಿಚಾರಿಸಿ ಆಗ ಹೋದರೆ ಊರವರೊಂದಿಗೆ ಆ ಕೆಲಸಕ್ಕೆ ಕೈಜೋಡಿಸಲೂ ಅವಕಾಶವಿದೆ, ಮಕ್ಕಳಿರುವವರು ಆ ಸಮಯವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.