ಲಾ ಅಂಡ್ ಸೊಸೈಟಿ ಅಸೋಸಿಯೇಷನ್: ಶಿವಾಜಿನಗರ ಕೋರ್ಟಿನಿಂದ ಒಂದು ಅನಿಸಿಕೆ

ನಾನು ಪುಣೆಯ ಶಿವಾಜಿನಗರ ಕೋರ್ಟಿನಲ್ಲಿ ಅಪಘಾತ ಪರಿಹಾರದ ಕೇಸು ನಡೆಸುವವಳು. ಕಕ್ಷಿದಾರರಲ್ಲಿ ಬಹಳ ಜನ ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಇಂಥವಳಿಗೆ ಲಾ ಅಂಡ್ ಸೊಸೈಟಿ ಅಸೋಸಿಯೇಷನ್ ಎಂಬ ಅಮೆರಿಕದ ವಿದ್ವಾಂಸರ ಸಂಘದ ಸದಸ್ಯತ್ವ ಯಾಕೆ ಎಂದು ಕಿರಿಯ ವಕೀಲರು ಕೇಳುತ್ತಾರೆ. ಮೂರು ವರ್ಷ ಚಂದಾ ಕಟ್ಟಿದ ಮೇಲೆ ಅವರಿಗೆ ಉತ್ತರ ಕೊಡಬಲ್ಲೆ.

ಸಂಘ ಹುಟ್ಟಿದ್ದು 1964ರಲ್ಲಿ. ಅದರ ಪತ್ರಿಕೆ ‘ಲಾ ಅಂಡ್ ಸೊಸೈಟಿ ರಿವ್ಯೂ’ 1966ರಿಂದ ಬರುತ್ತಿದೆ. ಕಾನೂನು ಪುಸ್ತಕದಿಂದ ಹೊರಬಿದ್ದು ಜನರ ನಡುವೆ ಏನಾಗುತ್ತದೆ ಎನ್ನುವುದೇ ಇವರ ವಿಷಯ. ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಇಲ್ಲೇ, 2010ರ ಡಿಸೆಂಬರಿನಲ್ಲಿ. ಭಾರತದ ಇಂಥದೇ ಬಳಗ ಲಾಸ್‌ನೆಟ್ ತನ್ನ ಎರಡನೇ ಸಮ್ಮೇಳನವನ್ನು ಪುಣೆಯ ಫ್ಲೇಮ್ ವಿದ್ಯಾಸಂಸ್ಥೆಯಲ್ಲಿ ಇಟ್ಟುಕೊಂಡಿತ್ತು. ಊಟದ ಸಾಲಿನಲ್ಲಿ ಮುಂದೆ ನಿಂತಿದ್ದವರೊಬ್ಬರು, ಅಮೆರಿಕದ ಕಾನೂನು ವಿದ್ವಾಂಸ ಮಾರ್ಕ್ ಗ್ಯಾಲಂಟರ್ 1974ರಲ್ಲಿ ಆ ಪತ್ರಿಕೆಗೆ ಬರೆದ ಲೇಖನ ಓದಿ ಎಂದರು. ಕೋರ್ಟಿನಲ್ಲಿ ಉಳ್ಳವರೇ ಯಾಕೆ ಮುಂದಿರುತ್ತಾರೆ ಎಂಬುದು ಅದರ ಪ್ರಶ್ನೆ. ಗ್ಯಾಲಂಟರ್ ನಮ್ಮ ಮೀಸಲಾತಿ ಕಾನೂನನ್ನು ಆಳವಾಗಿ ಓದಿದವರು, ಭೋಪಾಲ್ ಅನಿಲ ದುರಂತದ ಮೊಕದ್ದಮೆಯಲ್ಲಿ ಭಾರತ ಸರ್ಕಾರದ ಪರ ಅಮೆರಿಕದ ಕೋರ್ಟಿಗೆ ಅಫಿಡವಿಟ್ ಕೊಟ್ಟವರು. ಓದಿದೆ, ಮೆಚ್ಚಿದೆ, ಕೆಲಸದ ಗಡಿಬಿಡಿಯಲ್ಲಿ ಮರೆತೆ.

ಮತ್ತೆ ನೆನಪಿಸಿದ್ದು ಒಬ್ಬ ಹೆಣ್ಣುಮಗಳು. ಗೌಂಡಿ ಕೆಲಸದ ಗಂಡ, 32 ವರ್ಷ, ಟೆಂಪೋ ಬಡಿದು ತೀರಿಕೊಂಡಿದ್ದ. ವಿಮಾ ಕಂಪನಿಯ ವಕೀಲರ ಕೈಯಲ್ಲಿ ಅಂದಿನ ಹನ್ನೊಂದು ಫೈಲು. ಎಲ್ಲದರಲ್ಲೂ ಒಂದೇ ಅಚ್ಚಿನ ತಕರಾರು. ಹೆಸರು, ಗಾಡಿ ನಂಬರಿನ ಜಾಗದಲ್ಲಿ ಮಾತ್ರ ನೀಲಿ ಪೆನ್ನು. ಆಕೆ ಅದನ್ನೇ ದಿಟ್ಟಿಸಿ ನೋಡಿ ಅಂದಳು: “ಅಕ್ಕಾರ, ಅವ್ರಿಗಿ ದಿನಾ ಇದೇ ಕೆಲಸ ಅದ. ನಮಗ ಇದೊಂದೇ.”

ಗ್ಯಾಲಂಟರ್ ಹೇಳಿದ್ದು ಇದೇ. ಮತ್ತೆ ಮತ್ತೆ ಕೋರ್ಟಿಗೆ ಬರುವವರು ಒಂದು ಕೇಸು ಸೋತರೆ ಕೆಡುವುದಿಲ್ಲ. ತಮಗೆ ತೊಂದರೆಯಾಗುವ ತೀರ್ಪು ಬರುವಂತಿದ್ದರೆ ರಾಜಿ ಮಾಡಿಕೊಂಡು, ಅನುಕೂಲದ ಕೇಸನ್ನು ಕೊನೆತನಕ ಎಳೆಯುತ್ತಾರೆ. ಒಂದೇ ಸಲ ಬರುವವರಿಗೆ ಆ ಆಟವಿಲ್ಲ. ಲೋಕ ಅದಾಲತ್ತಿನಲ್ಲಿ ಆಕೆಯ ಕೇಸಿಗೆ ಕಂಪನಿ ರಾಜಿಗೆ ಬಂದಾಗ ನಾನು ಪರಿಹಾರದ ಲೆಕ್ಕದ ಹಾಳೆ ಕೇಳಿದೆ. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ತೀರ್ಪಿನಂತೆ, ತೀರಿಕೊಂಡವರು ಸ್ವಂತ ದುಡಿಮೆಯವರಾಗಿದ್ದು 40 ವರ್ಷ ತುಂಬಿರದಿದ್ದರೆ, ಮುಂದೆ ಹೆಚ್ಚಬಹುದಾಗಿದ್ದ ಗಳಿಕೆಯ ಲೆಕ್ಕಕ್ಕೆ ಅವರ ಆದಾಯಕ್ಕೆ ಶೇ. 40 ಸೇರಿಸಬೇಕು. ಹಾಳೆಯಲ್ಲಿ ಅದು ಇರಲಿಲ್ಲ. ದಿನಾ ಅದೇ ಕೆಲಸ ಮಾಡುವವರಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ರಾಜಿಗೆ ಸಹಿ ಹಾಕಿಸಲಿಲ್ಲ. ಆ ರಾತ್ರಿಯೇ ಸದಸ್ಯತ್ವದ ಅರ್ಜಿ ತುಂಬಿದೆ.

ಸಿಗುವುದೇನು? ಪತ್ರಿಕೆ ಆನ್‌ಲೈನಿನಲ್ಲಿ ಬರುತ್ತದೆ. ನನಗೆ ಅಷ್ಟೇ ಸಾಕು. ಚಂದಾ ಆದಾಯಕ್ಕೆ ತಕ್ಕಂತೆ, ಇದು ನನಗೆ ಬಹಳ ಹಿಡಿಸಿತು. ವಾರ್ಷಿಕ ಸಮಾವೇಶ ಹೆಚ್ಚಾಗಿ ಉತ್ತರ ಅಮೆರಿಕದಲ್ಲಿ, 2022ರಲ್ಲಿ ಲಿಸ್ಬನ್ನಿನಲ್ಲಿ ಆಯಿತು, ನಾನು ಹೋದವಳಲ್ಲ. ಬರಹವೆಲ್ಲ ಇಂಗ್ಲಿಷ್, ಅದೂ ಪ್ರಾಧ್ಯಾಪಕರ ಇಂಗ್ಲಿಷ್. ಒಂದು ಲೇಖನಕ್ಕೆ ನನಗೆ ಎರಡು ಭಾನುವಾರ ಬೇಕು. ನಾಳೆಯ ವಾದಕ್ಕೆ ತೀರ್ಪು ಹುಡುಕುವವರು ಇಲ್ಲಿ ಬರಬೇಡಿ, ಸಿಗುವುದಿಲ್ಲ. ಕಕ್ಷಿದಾರರು ಯಾಕೆ ಸೋಲುತ್ತಿದ್ದಾರೆ ಎಂದು ನಿದ್ದೆಗೆಟ್ಟವರು ಖಂಡಿತ ಸೇರಿ. ಕೈ ಬಿಗಿಯಿದ್ದರೆ ಆ 1974ರ ಲೇಖನವೊಂದನ್ನಾದರೂ ಓದಿ. ನನ್ನ ಟೇಬಲ್ಲಿನ ಕೆಳಗಿನ ಖಾನೆಯಲ್ಲಿ ಪ್ರತಿ ಇದೆ, ಅಂಚಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದಿದ್ದೇನೆ.