ರೆಡಿಮೇಡ್ ಫುಟ್ ಡ್ರಾಪ್ ಸ್ಪ್ಲಿಂಟ್: ಯಾರ ಕಾಲಿಗೆ ಸರಿ, ಯಾರ ಕಾಲಿಗೆ ಬೇಡ

ಲಕ್ವ ಹೊಡೆದು ಮನೆಗೆ ಬಂದವರಲ್ಲಿ ಅನೇಕರಿಗೆ ತೊಡೆ, ಮಂಡಿ ಸ್ವಲ್ಪ ಹಿಡಿತಕ್ಕೆ ಬಂದಿರುತ್ತವೆ, ಪಾದ ಮಾತ್ರ ಜೋತು ಬಿದ್ದಿರುತ್ತದೆ. ಹೆಜ್ಜೆ ಎತ್ತಿದರೆ ಬೆರಳು ನೆಲಕ್ಕೆ ಉಜ್ಜುತ್ತದೆ. ಅದನ್ನು ತಪ್ಪಿಸಲು ಸೊಂಟ ಮೇಲೆತ್ತಿ ಕಾಲನ್ನು ಹೊರಗಿನಿಂದ ಬೀಸಿ ತರುತ್ತಾರೆ, ಹತ್ತು ಹೆಜ್ಜೆಗೇ ದಣಿಯುತ್ತಾರೆ, ಹೊಸ್ತಿಲಿಗೋ ಕಾಲೊರಸಿಗೋ ಎಡವುತ್ತಾರೆ. ಸರ್ಜಿಕಲ್ ಅಂಗಡಿಗಳಲ್ಲಿ ಸ್ಮಾಲ್, ಮೀಡಿಯಂ, ಲಾರ್ಜ್ ಅಳತೆಯಲ್ಲಿ, ಎಡ-ಬಲ ಬೇರೆಬೇರೆಯಾಗಿ ಸಿಗುವ ಬಿಳಿ ಪ್ಲಾಸ್ಟಿಕ್ ಸ್ಪ್ಲಿಂಟ್ ಇರುವುದು ಈ ತೊಂದರೆಗೆ. ವೈದ್ಯರ ಚೀಟಿಯಲ್ಲಿ ಇದನ್ನು ಎಎಫ್‌ಒ (ಆಂಕಲ್-ಫುಟ್ ಆರ್ಥೋಸಿಸ್) ಎಂದು ಬರೆದಿರುತ್ತಾರೆ. ಇಲ್ಲಿ ಪರಿಶೀಲಿಸುತ್ತಿರುವುದು ಯಾವುದೋ ಒಂದು ಕಂಪನಿಯ ಮಾಲನ್ನಲ್ಲ, ಈ ಬಗೆಯನ್ನೇ; ಎಲ್ಲ ಕಂಪನಿಗಳ ರಚನೆಯೂ ಹೆಚ್ಚುಕಡಿಮೆ ಒಂದೇ.

ಪಾಲಿಪ್ರೊಪಿಲೀನ್ ಹಾಳೆಯನ್ನು ಎಲ್ ಆಕಾರಕ್ಕೆ ಬಗ್ಗಿಸಿರುತ್ತಾರೆ. ಅಂಗಾಲಿನಡಿ ಒಂದು ತಟ್ಟೆ, ಮೀನಖಂಡದ ಹಿಂದೆ ಒಂದು ಪಟ್ಟಿ, ಮೇಲೆ ವೆಲ್ಕ್ರೋ. ಪಾದದ ಕೀಲಿನ ಹಿಂಭಾಗದಲ್ಲಿ ಪ್ಲಾಸ್ಟಿಕ್ ಕಿರಿದಾಗಿರುತ್ತದೆ, ಅಲ್ಲೇ ಅದು ಸ್ಪ್ರಿಂಗಿನಂತೆ ಬಾಗಿ ಹಿಂತಿರುಗುತ್ತದೆ. ಕಾಲು ಗಾಳಿಯಲ್ಲಿದ್ದಾಗ ಪಾದವನ್ನು ಸುಮಾರು 90 ಡಿಗ್ರಿಯಲ್ಲಿ ಹಿಡಿದಿಡುವುದೇ ಇದರ ಕೆಲಸ, ಮತ್ತು ಅದನ್ನು ಚೆನ್ನಾಗಿಯೇ ಮಾಡುತ್ತದೆ. ಸರಿಯಾದ ಕಾಲಿಗೆ ಹಾಕಿದರೆ ಮೊದಲ ದಿನವೇ ಬೆರಳು ಉಜ್ಜುವುದು ನಿಲ್ಲುತ್ತದೆ. ಎಡವುವ ಭಯ ಕಡಿಮೆಯಾದರೆ ನಡೆಯುವ ಅಭ್ಯಾಸವೂ ಹೆಚ್ಚುತ್ತದೆ.

ತಪ್ಪುವುದು ಆಯ್ಕೆಯಲ್ಲಿ. ಜೋತು ಬಿದ್ದ, ಮೆತ್ತಗಿರುವ ಪಾದಕ್ಕೆ ಈ ಸ್ಪ್ಲಿಂಟ್ ಸಾಕು. ಬಿಗಿತ ಬಂದ ಪಾದಕ್ಕೆ ಸಾಲದು. ಸ್ಟ್ರೋಕ್ ಆದ ಕೆಲವು ವಾರಗಳ ನಂತರ ಮೀನಖಂಡದಲ್ಲಿ ಬಿಗಿತ ಶುರುವಾಗಬಹುದು. ಆಗ ಸ್ನಾಯುವಿನ ಎಳೆತದ ಮುಂದೆ ತೆಳು ಪ್ಲಾಸ್ಟಿಕ್ ಸೋಲುತ್ತದೆ. ಹಿಮ್ಮಡಿ ಮೇಲಕ್ಕೆ ಜಾರುತ್ತದೆ, ಪಾದ ಒಳಕ್ಕೆ ತಿರುಚುತ್ತದೆ, ಅಂಚು ಚರ್ಮಕ್ಕೆ ಒತ್ತುತ್ತದೆ.

ಕೊಳ್ಳುವ ಮುಂಚೆ ಮನೆಯಲ್ಲೇ ನೋಡಬಹುದು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಮಂಡಿ ಬಾಗಿರುವಾಗ ಪಾದವನ್ನು ಕೈಯಿಂದ ನಿಧಾನವಾಗಿ ಮೇಲಕ್ಕೆ ತನ್ನಿ. ನಂತರ ಮಂಡಿ ನೀಟಾಗಿ ಚಾಚಿ ಅದನ್ನೇ ಮಾಡಿ. ಎರಡೂ ಸಲ ಪಾದ ಸಲೀಸಾಗಿ 90 ಡಿಗ್ರಿಗೆ ಬಂದರೆ ರೆಡಿಮೇಡ್ ಸ್ಪ್ಲಿಂಟನ್ನು ಪ್ರಯತ್ನಿಸಬಹುದು. ಮಂಡಿ ಚಾಚಿದಾಗ ಬಾರದಿದ್ದರೆ, ಬೇಗ ತಳ್ಳಿದಾಗ ಪಾದ ಪಟಪಟನೆ ಬಡಿದುಕೊಂಡರೆ, ನಿಂತಾಗ ಪಾದದ ಹೊರ ಅಂಚಿನ ಮೇಲೆ ಭಾರ ಬಿದ್ದರೆ, ಅಥವಾ ಹೆಜ್ಜೆ ಊರಿದಾಗ ಮಂಡಿ ಹಿಂದಕ್ಕೆ ಬಾಗಿದರೆ ಅಂಗಡಿಗೆ ಹೋಗಬೇಡಿ. ಅಂಥ ಕಾಲಿಗೆ ಅಚ್ಚು ತೆಗೆದು ಮಾಡಿದ ಗಟ್ಟಿ ಸ್ಪ್ಲಿಂಟ್, ಅಥವಾ ಪಾದ ಕೆಳಗೆ ಹೋಗದಂತೆ ತಡೆ ಇಟ್ಟ ಕೀಲಿನ ಸ್ಪ್ಲಿಂಟ್ ಬೇಕಾಗುತ್ತದೆ. ಬಿಗಿತಕ್ಕೇ ಚಿಕಿತ್ಸೆ ಬೇಕೇ ಎಂಬುದನ್ನೂ ವೈದ್ಯರೇ ಹೇಳಬೇಕು.

ಅಳತೆ ಹೊಂದಿದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡಬೇಕು. ಮಂಡಿಯ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಒಂದು ಗುಬುಟು ಮೂಳೆ ಇದೆ. ಸ್ಪ್ಲಿಂಟಿನ ಮೇಲಂಚು ಅದಕ್ಕಿಂತ ಕನಿಷ್ಠ ಎರಡು ಬೆರಳು ಕೆಳಗಿರಬೇಕು. ಪಾದವನ್ನು ಮೇಲೆತ್ತುವ ನರ ಆ ಮೂಳೆಯನ್ನು ಸುತ್ತಿಕೊಂಡೇ ಹೋಗುತ್ತದೆ. ಅಲ್ಲಿ ಒತ್ತಡ ಬಿದ್ದರೆ ಇರುವ ಬಲವೂ ಹೋಗಬಹುದು. ಕುಳ್ಳಗಿರುವವರಿಗೆ ಅಗಲದ ಲೆಕ್ಕದಲ್ಲಿ ಲಾರ್ಜ್ ಕೊಟ್ಟಾಗ ಆಗುವ ಎಡವಟ್ಟು ಇದೇ. ಅಂಗಾಲಿನ ತಟ್ಟೆ ಬೆರಳುಗಳ ಬುಡದವರೆಗಾದರೂ ಬರಬೇಕು. ಅದಕ್ಕಿಂತ ಗಿಡ್ಡವಾದರೆ ಅದರ ಅಂಚು ಭಾರ ಬೀಳುವ ಜಾಗದಲ್ಲೇ ಒತ್ತುತ್ತದೆ. ನಿಂತಾಗ ಬೆರಳು ಮುದುಡಿಕೊಳ್ಳುವವರಿಗೆ ತಟ್ಟೆ ಬೆರಳ ತುದಿಯವರೆಗೂ ಬೇಕು, ರೆಡಿಮೇಡ್ ಸ್ಪ್ಲಿಂಟಿನಲ್ಲಿ ಅದು ಸಿಗುವುದು ಅಪರೂಪ.

ಹಾಕುವ ಕ್ರಮ: ಮಂಡಿಯವರೆಗಿನ ಹತ್ತಿ ಕಾಲುಚೀಲವನ್ನು ಸುಕ್ಕಿಲ್ಲದಂತೆ ಏರಿಸಿ. ಮಂಡಿ ಬಗ್ಗಿಸಿ ಕೂತರೆ ಮೀನಖಂಡ ಸಡಿಲವಾಗುತ್ತದೆ. ಹಿಮ್ಮಡಿಯನ್ನು ಪೂರ್ತಿ ಹಿಂದಕ್ಕೆ ಕೂರಿಸಿದ ಮೇಲೆಯೇ ಪಟ್ಟಿ ಬಿಗಿಯಬೇಕು. ಪಾದದ ಕೀಲಿನ ಹತ್ತಿರ ಪಟ್ಟಿ ಇದ್ದರೆ ಅದನ್ನು ಮೊದಲು, ಮೇಲಿನದನ್ನು ಆಮೇಲೆ, ಅಡಿಯಲ್ಲಿ ಒಂದು ಬೆರಳು ತೂರುವಷ್ಟು ಬಿಗಿ. ಒಂದೇ ಕೈ ಕೆಲಸ ಮಾಡುವವರು ಸ್ಪ್ಲಿಂಟನ್ನು ಮೊದಲು ಶೂ ಒಳಗಿಟ್ಟು ನಂತರ ಕಾಲನ್ನು ಜಾರಿಸಿದರೆ ಸುಲಭ.

ನಮ್ಮ ಮನೆಗಳಲ್ಲಿ ಈ ಸ್ಪ್ಲಿಂಟ್ ಮೂಲೆ ಸೇರುವುದು ಬಹುತೇಕ ಶೂ ಕಾರಣಕ್ಕೆ. ಅಂಗಡಿಯವರು ಈ ಮಾತು ಎತ್ತುವುದು ಕಡಿಮೆ. ಪಾಲಿಪ್ರೊಪಿಲೀನ್ ನುಣುಪು, ಟೈಲ್ಸ್ ನೆಲದ ಮೇಲೆ, ಅದರಲ್ಲೂ ಬಚ್ಚಲ ಬಾಗಿಲ ತೇವದಲ್ಲಿ, ಬರೀ ಸ್ಪ್ಲಿಂಟಿನಲ್ಲಿ ನಡೆದರೆ ಜಾರಿ ಬೀಳುವುದು ಖಂಡಿತ. ಹಾಗಾಗಿ ಮನೆಯೊಳಗಷ್ಟೇ ಬಳಸುವ ಒಂದು ಜೊತೆ ಶೂ ಬೇಕೇ ಬೇಕು. ಹಿರಿಯರು ಒಳಗೆ ಚಪ್ಪಲಿ ಒಪ್ಪುವುದಿಲ್ಲ ಎಂದಾದರೆ, ಹೊರಗೆ ಎಂದೂ ಹಾಕದ ಹೊಸ ಶೂ ಎಂದು ಬೇರೆಯಾಗಿಯೇ ಇಟ್ಟುಬಿಡಿ. ಬಾಯಿ ಬೆರಳಿನ ಹತ್ತಿರದವರೆಗೆ ಅಗಲವಾಗಿ ತೆರೆಯುವ, ವೆಲ್ಕ್ರೋ ಇರುವ, ಹಿಮ್ಮಡಿಗೆ ಗಟ್ಟಿ ಗೋಡೆಯಿರುವ ಶೂ ಸರಿ. ಒಂದು ಸೈಜ್ ದೊಡ್ಡದು ತೆಗೆದುಕೊಂಡು, ಸ್ಪ್ಲಿಂಟ್ ಹಾಕುವ ಕಾಲಿನ ಶೂನಿಂದ ಒಳಗಿನ ಸೋಲ್ ತೆಗೆಯಿರಿ. ಇನ್ನೊಂದು ಕಾಲಿನದರಲ್ಲಿ ಅದು ಇರಲಿ, ಆಗ ಎರಡೂ ಕಾಲಿನ ಎತ್ತರ ಸಮವಾಗುತ್ತದೆ. ಎತ್ತರ ಹಿಮ್ಮಡಿಯ ಶೂ ಬೇಡ, ಅದು ಕಾಲನ್ನು ಮುಂದಕ್ಕೆ ವಾಲಿಸಿ ಮಂಡಿಯನ್ನು ಕುಸಿಯುವಂತೆ ಮಾಡುತ್ತದೆ. ಹವಾಯಿ ಚಪ್ಪಲಿಯ ಮೇಲಂತೂ ಈ ಸ್ಪ್ಲಿಂಟ್ ನಿಲ್ಲುವುದೇ ಇಲ್ಲ.

ಮೊದಲ ದಿನ ಒಂದೆರಡು ಗಂಟೆ ಸಾಕು. ತೆಗೆದ ಮೇಲೆ ಹಿಮ್ಮಡಿ, ಕೀಲಿನ ಎರಡೂ ಬದಿಯ ಉಬ್ಬು ಮೂಳೆ, ಕಿರುಬೆರಳಿನ ಬುಡ ಇವನ್ನು ಬೆಳಕಿನಲ್ಲಿ ನೋಡಿ. ಕೆಂಪಾಗಿದ್ದು ಅರ್ಧ ಗಂಟೆಯಲ್ಲಿ ಮಾಸಿದರೆ ಚಿಂತೆಯಿಲ್ಲ. ಮಾಸದಿದ್ದರೆ ಅಥವಾ ಗುಳ್ಳೆ ಎದ್ದರೆ ಬಳಕೆ ನಿಲ್ಲಿಸಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಕೈಯಿಟ್ಟು ಬಿಸಿಯಾಗಿದೆಯೇ, ಗಡುಸಾಗಿದೆಯೇ ನೋಡಬೇಕು. ಸಕ್ಕರೆ ಕಾಯಿಲೆ ಇರುವವರಿಗೆ, ಸ್ಟ್ರೋಕ್‌ನಿಂದ ಸ್ಪರ್ಶ ಹೋದವರಿಗೆ ನೋವೇ ತಿಳಿಯದಿರಬಹುದು, ಆದ್ದರಿಂದ ದಿನವೂ ಬೇರೊಬ್ಬರು ನೋಡಲೇಬೇಕು. ಒತ್ತುವ ಜಾಗವನ್ನು ಆರ್ಥೋಟಿಸ್ಟ್ (ಸ್ಪ್ಲಿಂಟ್ ಮಾಡಿ ಹೊಂದಿಸುವ ತಜ್ಞರು) ಹೀಟ್ ಗನ್‌ನಿಂದ ಬಿಸಿಮಾಡಿ ಉಬ್ಬಿಸಿಕೊಡುತ್ತಾರೆ. ಮನೆಯಲ್ಲಿ ಗ್ಯಾಸ್ ಒಲೆಗೆ ಹಿಡಿದರೆ ಇಡೀ ಸ್ಪ್ಲಿಂಟ್ ಸೊಟ್ಟಗಾಗುತ್ತದೆ.

ಬಾಳಿಕೆಯಲ್ಲಿ ಮೊದಲು ಸೋಲುವುದು ವೆಲ್ಕ್ರೋ. ನೂಲು, ಕೂದಲು ತುಂಬಿಕೊಂಡರೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆರೆದು ತೆಗೆಯಿರಿ. ಕಿರಿದಾದ ಭಾಗದಲ್ಲಿ ಬೆಳ್ಳನೆಯ ಗೆರೆ ಮೂಡಿದರೆ ಬಿರುಕಿನ ಸೂಚನೆ, ಅಂಥದ್ದನ್ನು ಹಾಕಿಕೊಂಡು ಮೆಟ್ಟಿಲು ಇಳಿಯಬಾರದು.

ಇದರ ಜೊತೆಗೆ ಹೆಚ್ಚಿನವರಿಗೆ ಕೋಲೂ ಬೇಕು. ಸೋಲದ ಕೈಯಲ್ಲಿ ಹಿಡಿಯಬೇಕು. ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಹಿಡಿಕೆ ಬರಬೇಕು. ಮೊದಲು ಕೋಲು, ಆಮೇಲೆ ಸೋತ ಕಾಲು, ಕೊನೆಗೆ ಒಳ್ಳೆಯ ಕಾಲು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ಕೋಲು ಮತ್ತು ಸೋತ ಕಾಲು ಮುಂದೆ. ನಾಲ್ಕು ಕಾಲಿನ ಕೋಲಾದರೆ ನಾಲ್ಕೂ ರಬ್ಬರು ಒಟ್ಟಿಗೆ ನೆಲ ಮುಟ್ಟಬೇಕು, ಚಪ್ಪಟೆ ಬದಿ ಮೈಯ ಕಡೆಗಿರಬೇಕು.

ಸ್ಪ್ಲಿಂಟ್ ಹಾಕಿದರೆ ಕಾಲು ಸೋಮಾರಿಯಾಗುತ್ತದೆ ಎಂಬ ಭಯ ಮನೆಮನೆಯಲ್ಲೂ ಇದೆ. ಅದಕ್ಕೆ ಗಟ್ಟಿ ಆಧಾರವಿಲ್ಲ; ಸ್ಪ್ಲಿಂಟ್ ಇಲ್ಲವೆಂದು ನಡೆಯದೆ ಕೂತರೆ ಕಾಲು ಇನ್ನಷ್ಟು ಸೋಲುತ್ತದೆ. ಆದರೆ ಅದು ನಡೆಯುವ ಹೊತ್ತಿನ ಸಾಧನ, ವ್ಯಾಯಾಮವನ್ನು ತುಂಬಿಕೊಡಲಾರದು. ಅಮೆರಿಕದಲ್ಲಿ 408 ಮಂದಿ ಸ್ಟ್ರೋಕ್ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಲೀಪ್ಸ್ ಅಧ್ಯಯನದಲ್ಲಿ, ಮೈಭಾರ ಎತ್ತಿಹಿಡಿದು ಟ್ರೆಡ್‌ಮಿಲ್ ಮೇಲೆ ನಡೆಸಿದವರೂ, ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಿಸಿದವರೂ ಒಂದು ವರ್ಷದ ಕೊನೆಗೆ ನಡಿಗೆಯಲ್ಲಿ ಸಮಸಮವಾಗಿದ್ದರು. ದೊಡ್ಡ ಯಂತ್ರಕ್ಕೆ ಸಾಲ ಮಾಡುವ ಬದಲು ಒಳ್ಳೆಯ ಫಿಸಿಯೋಥೆರಪಿಸ್ಟ್‌ಗೆ ಖರ್ಚು ಮಾಡಿ ಎನ್ನಲು ಇಷ್ಟು ಸಾಕು. ಕುರ್ಚಿಯಿಂದ ಎದ್ದು ಕೂರುವುದು, ಸೋತ ಕಾಲಿನ ಮೇಲೆ ಭಾರ ಹಾಕಿ ನಿಲ್ಲುವುದು, ಮೀನಖಂಡ ಎಳೆದು ಹಿಗ್ಗಿಸುವುದು ದಿನವೂ ನಡೆಯಲಿ.

ಸ್ಪ್ಲಿಂಟ್ ಕೆಲಸ ಮಾಡುತ್ತಿದೆಯೇ ಎಂದು ಗಡಿಯಾರವೇ ಹೇಳುತ್ತದೆ. 10 ಮೀಟರ್ ಗುರುತು ಹಾಕಿ, ಎರಡು ಮೀಟರ್ ಮೊದಲೇ ನಡಿಗೆ ಶುರುಮಾಡಿಸಿ, ಸ್ಪ್ಲಿಂಟ್ ಹಾಕಿ ಒಮ್ಮೆ, ಇಲ್ಲದೆ ಒಮ್ಮೆ ಸಮಯ ನೋಡಿ. ಎರಡು ಸಲವೂ ಶೂ ಅದೇ ಇರಲಿ, ಪಕ್ಕದಲ್ಲಿ ಒಬ್ಬರಿರಲಿ. 25 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಡಿಗೆ ಸಾಮಾನ್ಯವಾಗಿ ಮನೆಯೊಳಗಿನ ಮಟ್ಟದ್ದು. 12–13 ಸೆಕೆಂಡಿಗೆ ಇಳಿದರೆ ಬೀದಿ, ಅಂಗಡಿ ಓಡಾಟ ಸಾಧ್ಯವಾಗುವ ಹಂತ. ಹಾಕಿದರೂ ವೇಗ, ಧೈರ್ಯ, ದಣಿವು ಯಾವುದರಲ್ಲೂ ವ್ಯತ್ಯಾಸ ಕಾಣದಿದ್ದರೆ ಸ್ಪ್ಲಿಂಟ್ ತಪ್ಪಾಗಿದೆ ಎಂದೇ ತಿಳಿಯಿರಿ.

ಮೆತ್ತನೆಯ ಪಾದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು, ಬಿಗಿ ಪಾದಕ್ಕೆ ಒಂದೂ ಇಲ್ಲ. ಅಚ್ಚು ತೆಗೆದು ಮಾಡುವ ಸ್ಪ್ಲಿಂಟ್‌ಗೆ ಬೆಲೆ ಹೆಚ್ಚು. ಅದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ, ಮುಂಬೈ ಕನ್ನಡಿಗರಾದರೆ ಹಾಜಿ ಅಲಿಯ ಅಖಿಲ ಭಾರತ ಪುನರ್ವಸತಿ ಸಂಸ್ಥೆಯಲ್ಲಿ ವಿಚಾರಿಸಿ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇದ್ದು ಆದಾಯ ಮಿತಿಯೊಳಗಿದ್ದರೆ ಕೇಂದ್ರದ ಎಡಿಪ್ ಯೋಜನೆಯಡಿ ಸಾಧನಗಳಿಗೆ ನೆರವು ಸಿಗುತ್ತದೆ. ಜಿಲ್ಲೆಯ ಅಂಗವಿಕಲರ ಕಲ್ಯಾಣಾಧಿಕಾರಿಯ ಕಚೇರಿಯಲ್ಲಿ ಕೇಳಿ.