ಸಿ ಪ್ಲಸ್ ಪ್ಲಸ್‌ನ ಪ್ರೈವೇಟ್ ವರ್ಚುವಲ್ ಫಂಕ್ಷನ್: ದೀರ್ಘ ಬಳಕೆಯ ಅನುಭವ

ಲೆಕ್ಕಪತ್ರದ ವರದಿಗಳನ್ನು ಸಿದ್ಧಪಡಿಸುವ ತಂತ್ರಾಂಶವೊಂದನ್ನು ಹಲವು ವರ್ಷಗಳಿಂದ ಸಿ ಪ್ಲಸ್ ಪ್ಲಸ್‌ನಲ್ಲಿ ನಿರ್ವಹಿಸುತ್ತಿರುವ ನಾನು, ಈ ಪ್ರೋಗ್ರಾಮಿಂಗ್ ಭಾಷೆಯ ಇನ್‌ಹೆರಿಟೆನ್ಸ್ (ಬೇಸ್ ಎಂಬ ಮೂಲ ಕ್ಲಾಸಿನಿಂದ ಡಿರೈವ್ಡ್ ಎಂಬ ಹೊಸ ಕ್ಲಾಸನ್ನು ಬೆಳೆಸುವ) ವ್ಯವಸ್ಥೆಯ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಒಂದು ಫಂಕ್ಷನ್ ಅನ್ನು ಯಾರು ಕರೆಯಬಹುದು ಎಂಬುದನ್ನೂ, ಕರೆದಾಗ ಯಾವ ಕ್ಲಾಸಿನ ಕೋಡ್ ರನ್ ಆಗಬೇಕು ಎಂಬುದನ್ನೂ ಬೇರೆ ಬೇರೆಯಾಗಿಯೇ ತೀರ್ಮಾನಿಸುವುದು ಇದರ ದೊಡ್ಡ ಗುಣ. ಮೊದಲನೆಯದನ್ನು, ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್, ಪಾಯಿಂಟರ್‌ನ (ಆಬ್ಜೆಕ್ಟ್ ಇರುವ ಜಾಗವನ್ನು ಸೂಚಿಸುವ ವೇರಿಯಬಲ್‌ನ) ಟೈಪ್ ನೋಡಿ ಮೊದಲೇ ನಿರ್ಧರಿಸಿಬಿಡುತ್ತದೆ; ಎರಡನೆಯದು ಪ್ರೋಗ್ರಾಂ ನಡೆಯುವಾಗ ಅಲ್ಲಿ ನಿಜವಾಗಿ ಇರುವ ಆಬ್ಜೆಕ್ಟ್ ಯಾವುದು ಎಂಬುದರ ಮೇಲೆ ನಿಂತಿದೆ. ಹೀಗಾಗಿ ಬೇಸ್ ಕ್ಲಾಸಿನಲ್ಲಿ ಪಬ್ಲಿಕ್ (ಹೊರಗಿನಿಂದ ಕರೆಯಬಹುದಾದ) ಆಗಿರುವ ವರ್ಚುವಲ್ ಫಂಕ್ಷನ್ ಅನ್ನು, ಅಂದರೆ ಡಿರೈವ್ಡ್ ಕ್ಲಾಸಿನಲ್ಲಿ ಬದಲಿಸಿ ಬರೆಯಬಹುದಾದ ಫಂಕ್ಷನ್ ಅನ್ನು, ಡಿರೈವ್ಡ್ ಕ್ಲಾಸ್ ತನ್ನ ಪ್ರೈವೇಟ್ (ಹೊರಗಿನವರು ಕರೆಯಲಾಗದ) ಭಾಗದಲ್ಲಿ ಬರೆದಿದ್ದರೂ, ಬೇಸ್ ಪಾಯಿಂಟರ್ ಮೂಲಕ ಕರೆದರೆ ಅದೇ ರನ್ ಆಗುತ್ತದೆ. ಜಾವಾದಲ್ಲಿ ಹೀಗೆ ಪ್ರವೇಶವನ್ನು ಕಿರಿದುಗೊಳಿಸಲು ಅವಕಾಶವಿಲ್ಲ.

ಇದರ ನಿಜವಾದ ಪ್ರಯೋಜನ ನಮಗೆ ದೊರೆತದ್ದು ಬೇಸ್ ಕ್ಲಾಸಿನಲ್ಲೇ ವರ್ಚುವಲ್ ಫಂಕ್ಷನ್‌ಗಳನ್ನು ಪ್ರೈವೇಟ್ ಆಗಿ ಇಟ್ಟಾಗ. ನಮ್ಮ ‘ವರದಿ’ ಕ್ಲಾಸಿನ ‘ಮುದ್ರಿಸು’ ಪಬ್ಲಿಕ್ ಆಗಿದ್ದು, ವರ್ಚುವಲ್ ಅಲ್ಲ. ಅದು ಶೀರ್ಷಿಕೆ ಹಾಗೂ ದಿನಾಂಕವನ್ನು ಹಾಕಿ, ‘ಒಡಲು’ ಎಂಬ ಪ್ರೈವೇಟ್ ವರ್ಚುವಲ್ ಫಂಕ್ಷನ್ ಅನ್ನು ಕರೆದು, ಕೊನೆಯಲ್ಲಿ ಮೊತ್ತಗಳನ್ನು ತಾಳೆ ನೋಡುತ್ತದೆ. ಡಿರೈವ್ಡ್ ಕ್ಲಾಸುಗಳು ‘ಒಡಲು’ವನ್ನು ತಮಗೆ ಬೇಕಾದಂತೆ ಓವರ್‌ರೈಡ್ ಮಾಡಬಹುದು (ಬದಲಿಸಿ ಬರೆಯಬಹುದು), ಆದರೆ ಬೇಸ್ ಕ್ಲಾಸಿನದನ್ನು ಕರೆಯುವಂತಿಲ್ಲ. ತಂಡಕ್ಕೆ ಹೊಸಬರು ಬಂದು ಹೊಸ ವರದಿ ಬರೆದರೂ ‘ಮುದ್ರಿಸು’ವಿನ ಮೂಲಕ ಹೋಗುವ ತನಕ ತಾಳೆ ನೋಡುವ ಹಂತ ತಪ್ಪುವುದಿಲ್ಲ.

ದೊಡ್ಡ ಕೊರತೆಯೂ ಒಂದಿದೆ. ಬೇಸ್ ಕ್ಲಾಸಿನ ಫಂಕ್ಷನ್‌ಗೆ ‘ಕಾನ್ಸ್ಟ್’ (ಆಬ್ಜೆಕ್ಟನ್ನು ಬದಲಿಸುವುದಿಲ್ಲ ಎಂಬ ಗುರುತು) ಇದ್ದು ಡಿರೈವ್ಡ್ ಕ್ಲಾಸಿನಲ್ಲಿ ಅದು ಬಿಟ್ಟುಹೋದರೆ, ಭಾಷೆಯ ನಿಯಮದಂತೆ ಅದು ಬೇರೆಯೇ ಫಂಕ್ಷನ್. ದೋಷವೆಂದು ಕಂಪೈಲರ್ ತಡೆಯುವುದಿಲ್ಲ, ಬೇಸ್ ಕ್ಲಾಸಿನ ಕೋಡ್ ಸದ್ದಿಲ್ಲದೆ ರನ್ ಆಗುತ್ತದೆ. 2011ರ ಮಾನಕದಲ್ಲಿ ಬಂದ ‘ಓವರ್‌ರೈಡ್’ ಎಂಬ ಗುರುತನ್ನು ಬರೆದರೆ ಇದೇ ತಪ್ಪಿಗೆ ಕಂಪೈಲರ್ ಅಲ್ಲಿಯೇ ನಿಲ್ಲುತ್ತದೆ. ಹಳೆಯ ಕೋಡ್ ಕೆಡಬಾರದೆಂಬ ಕಾರಣಕ್ಕೆ ಅದನ್ನು ಕಡ್ಡಾಯ ಮಾಡದಿರುವುದು ಅರ್ಥವಾಗುವಂಥದ್ದೇ, ಆದರೂ ಹೊಸದಾಗಿ ಬರೆಯುವವರ ಮಟ್ಟಿಗೆ ಅದು ಕಡ್ಡಾಯವೇ ಆಗಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೇಸ್ ಪಾಯಿಂಟರ್ ಮೂಲಕ ಆಬ್ಜೆಕ್ಟನ್ನು ಡಿಲೀಟ್ ಮಾಡುವುದಿದ್ದರೆ, ಆಬ್ಜೆಕ್ಟ್ ಅಳಿಯುವಾಗ ರನ್ ಆಗುವ ಡಿಸ್ಟ್ರಕ್ಟರ್ ಕೂಡ ವರ್ಚುವಲ್ ಆಗಿರಲೇಬೇಕು.

ಹಲವರು ಸೇರಿ ದೀರ್ಘಕಾಲ ಬೆಳೆಸುವ ತಂತ್ರಾಂಶಕ್ಕೆ ಈ ವ್ಯವಸ್ಥೆಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಜಿಸಿಸಿ ಎಂಬ ಕಂಪೈಲರ್ ಬಳಸುವವರು ‘ಓವರ್‌ರೈಡ್’ ಇಲ್ಲದ ಕಡೆಗಳನ್ನು ತೋರಿಸುವ ಎಚ್ಚರಿಕೆಯನ್ನು ಮೊದಲ ದಿನದಿಂದಲೇ ಆನ್ ಮಾಡಿಕೊಳ್ಳಿ.